ಕುಷ್ಟಗಿಯ ಕಣದಲ್ಲಿ ಬರಿಗಾಲಿನ ಆಟ

ಹುಬ್ಬಳ್ಳಿಯಿಂದ ಗುಂತಕಲ್ ಕಡೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿ ಅಂದು ತಡವಾಗಿಯೇ ಹೊರಟಿತು. ಮಾಘದ ಚಳಿ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚುಗಳಲ್ಲಿ ಇನ್ನೂ ಉಳಿದಿತ್ತು. ನನ್ನ ಜೊತೆಗಿದ್ದವನು ಮೈದುನ ಬಸವರಾಜ. ಮನೆಯಲ್ಲಿ ನಾವೆಲ್ಲ ಬಸು ಎನ್ನುತ್ತೇವೆ. ಅವನ ಬಗಲಲ್ಲಿ ಎರಡು ಹಾಕಿ ಸ್ಟಿಕ್ಕುಗಳು, ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ನಾನೇ ಹೊಲಿದುಕೊಟ್ಟ ಉದ್ದನೆಯ ಚೀಲದಲ್ಲಿದ್ದವು. ನನ್ನ ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಡಬ್ಬಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೀಗೆ ಸುತ್ತು ಹಾಕಿ, ಅಲ್ಲಲ್ಲಿ ಅವನಿಗೆ ಇಟ್ಟುಕೊಂಡಿದ್ದ ಸತ್ಕಾರ ಮುಗಿಸಿ ಮರಳುವುದೆಂದು ನಿಶ್ಚಯವಾಗಿತ್ತು. ಆಗ ಅವೆಲ್ಲ ರಾಯಚೂರು ಜಿಲ್ಲೆಯ ತಾಲೂಕುಗಳು.

ಹೋಗಬೇಕಾದವರು ನನ್ನ ಯಜಮಾನರು. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. "ಒಬ್ಬನ್ನ ಕಳಿಸೂದು ಬ್ಯಾಡ, ನೀ ಹೋಗಿ ಬಾ. ಅವನ ಮಾರಿ ನನಗ ಯಾಕೋ ಸರಿ ಕಾಣವಲ್ದು," ಎಂದು ಹಿಂದಿನ ದಿನ ಊಟದ ತಟ್ಟೆಯ ಮುಂದೆ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಇಡೀ ತಿಂಗಳು ಬಸು ರೇಡಿಯೋ ಹಚ್ಚಿರಲಿಲ್ಲ.

ಅವನು ಯಾರೆಂದು ಹೇಳಬೇಕು. ಕುಷ್ಟಗಿ ಕಡೆಯ ಹಳ್ಳಿಯ ಹುಡುಗ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಸೋದರಮಾವನ ಮನೆಯಲ್ಲಿ ಬೆಳೆದವನು. ಹೈಸ್ಕೂಲಿಗೆಂದು ಗದಗಿಗೆ, ಅಣ್ಣನ ಮನೆಗೆ ಬಂದ. ಗದಗಿನ ಓಣಿಗಳಲ್ಲಿ ಹಾಕಿ ಹತ್ತಿತು. ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಅವನು ಮಧ್ಯಾಹ್ನವಿಡೀ ಹಿತ್ತಲ ಗೋಡೆಗೆ ಚೆಂಡು ಬಡಿಯುತ್ತಿದ್ದ. ನೆರೆಯವರು ಬೈಯುತ್ತಿದ್ದರು, ನನಗೆ ಆ ಸಪ್ಪಳ ಬೇಡವೆನಿಸಲಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಾನೂ ಲೆಫ್ಟ್ ಹಾಫ್ ಆಡಿದವಳು. ನಮ್ಮ ಸಿಸ್ಟರ್ ಒಬ್ಬರು ಉದ್ದನೆಯ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀಟಿ ಊದುತ್ತ ಓಡುತ್ತಿದ್ದರು. ಬಸು ಮುಂದೆ ರಾಜ್ಯದ ತಂಡಕ್ಕೆ, ಆಮೇಲೆ ದೇಶದ ತಂಡಕ್ಕೆ ಹೋದ. ಫಾರ್ವರ್ಡ್ ಸಾಲಿನಲ್ಲಿ ರೈಟ್ ಇನ್. ಮಲೇಶಿಯಾ, ಕೀನ್ಯಾ, ಜರ್ಮನಿ ಎಂದು ತಿರುಗಿದ. ಪ್ರತಿ ದೇಶದಿಂದಲೂ ಅಲ್ಲಿನ ಹೋಟೆಲಿನ ಪುಟ್ಟ ಸಾಬೂನು ತಂದು ನನ್ನ ಕೈಗೆ ಕೊಡುತ್ತಿದ್ದ. ನಾನು ಅವನ್ನು ಬಳಸದೆ ಸೀರೆಗಳ ನಡುವೆ ಇಡುತ್ತಿದ್ದೆ.

ಕಡೆಯ ಸಾಬೂನು ಹಾಲೆಂಡಿನದು. ಅಲ್ಲಿ ಹುಲ್ಲಿನ ಬದಲು ಜಮಖಾನದಂಥ ಹಸಿರು ಹಾಸಿನ ಮೈದಾನ. ಹುಲ್ಲಿನ ಮೇಲೆ, ಗರಸು ನೆಲದ ಮೇಲೆ ಕಲಿತ ನಮ್ಮ ಹುಡುಗರ ಕಾಲು ಅಲ್ಲಿ ನಿಂತಲ್ಲೇ ಹಿಡಿದುಕೊಳ್ಳುತ್ತಿತ್ತಂತೆ. ಬಸುವಿನ ಬಲ ಹಿಮ್ಮಡಿಯ ಮೇಲಿನ ನರಕ್ಕೆ ಅಲ್ಲೇ ಪೆಟ್ಟಾಯಿತು. ಮುಂದಿನ ಪ್ರವಾಸಕ್ಕೆ ಅವನ ಹೆಸರು ಬರಲಿಲ್ಲ. ಈಗ ಮತ್ತೆ ದೇಶದ ತಂಡದ ಶಿಬಿರಕ್ಕೆ ಆಟಗಾರರನ್ನು ಆರಿಸುತ್ತಿದ್ದರು. ಆಯ್ಕೆ ಮಾಡುವವರಲ್ಲಿ ಒಬ್ಬ ಹಿರಿಯರು ಬೆಂಗಳೂರಿನವರು. ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಬಸುವಿನ ಸೋದರಮಾವ ಸಂಗನಗೌಡರು ತಮ್ಮ ಊರಿನಲ್ಲಿ ಒಂದು ಪ್ರದರ್ಶನ ಪಂದ್ಯ ಇಟ್ಟು ಅವರನ್ನು ಅತಿಥಿಯಾಗಿ ಕರೆದಿದ್ದರು. "ಬರ್ತೀನಿ. ಅವನು ಓಡೋದನ್ನೂ ಒಂದ್ಸಲ ನೋಡಿದ ಹಾಗಾಗುತ್ತೆ," ಎಂದು ಸಾಹೇಬರು ಒಪ್ಪಿದ್ದರು.

ಗದಗ ದಾಟಿದ ಮೇಲೆ ಗಾಡಿಯ ಡಬ್ಬಿಯಲ್ಲಿ ಜನ ಸ್ವಲ್ಪ ಕಡಿಮೆಯಾದರು. ಬಸು ಕಿಟಕಿಯ ಹೊರಗೆ ನೋಡುತ್ತಲೇ ಮಾತು ತೆಗೆದ.

"ವೈನಿ, ಅಣ್ಣಗ ಹೇಳಬ್ಯಾಡ್ರಿ. ಕಾಲು ನೆಟ್ಟಗಾಗಿಲ್ಲ."

"ಡಾಕ್ಟರು ಆಗೇತಿ ಅಂದಾರಂತ ಹೇಳಿದ್ಯಲ್ಲ?"

"ನಾ ಹೇಳಿದೆ. ಡಾಕ್ಟರ್ ಎಲ್ಲಿ ಹೇಳ್ಯಾರ? ಪಟ್ಟಿ ಬಿಗಿದು, ಎರಡು ಸಾಕ್ಸ್ ಹಾಕಿ, ಬೂಟಿನ ಲಾಡಿ ಜಗ್ಗಿ ಕಟ್ಟಿದ್ರ ಒಂದರ್ಧ ಆಟ ಓಡ್ತೀನ್ರಿ. ಬೂಟು ತಗದ್ರ ನೆಲಕ್ಕ ಊರಾಕ ಆಗಂಗಿಲ್ಲ."

"ಹಿಂಗಿದ್ರ ಶಿಬಿರಕ್ಕ ಹೋಗಿ ಏನ ಮಾಡ್ತಿ, ಬಸು?"

ಅವನು ಕಿಟಕಿಯ ಸರಳು ಹಿಡಿದುಕೊಂಡ. "ಹಾಲೆಂಡಿನಾಗ ಆ ದಿನಾ ಸ್ಟೇಡಿಯಂ ತುಂಬ ಮಂದಿ ಇದ್ರು. ನಾ ಕುಂಟಕೊಂತ ಹೊರಗ ಬರೂತನಕ ಒಬ್ಬರೂ ಉಸಿರು ಬಿಡ್ಲಿಲ್ಲ. ಆಮ್ಯಾಲ ಪಾಪ ಅಂತ ಚಪ್ಪಾಳಿ ಹೊಡದ್ರು. ಅದ ನನ್ನ ಕಡೀ ಆಟ ಆಗಬಾರ್ದು, ವೈನಿ. ಇನ್ನೊಂದ ಆಟ ಸಾಕು. ನೆಟ್ಟಗ ನಡಕೊಂತ ಹೊರಗ ಬರಬೇಕು."

ರೊಟ್ಟಿ ಮುರಿದು ಕೊಟ್ಟೆ. ಅವನು ಅದನ್ನು ಕೈಯಲ್ಲೇ ಹಿಡಿದುಕೊಂಡು ಭಾನಾಪುರದವರೆಗೂ ಕುಳಿತಿದ್ದ.

ಕೊಪ್ಪಳದಲ್ಲಿ ಇಳಿದಾಗ ಬಿಸಿಲು ಏರಿತ್ತು. ಕೋಟೆಯ ಗುಡ್ಡ ನಿಲ್ದಾಣದಿಂದಲೇ ಕಾಣುತ್ತದೆ. ಒಂದರ ಮೇಲೊಂದು ಹೇರಿಟ್ಟ ಬಂಡೆಗಳು, ಅವುಗಳ ನೆತ್ತಿಗೆ ಗೋಡೆ. ಹೈಸ್ಕೂಲಿನ ಡ್ರಿಲ್ ಮಾಸ್ತರರು ಐದಾರು ಜನರೊಡನೆ ಚೆಂಡು ಹೂವಿನ ಹಾರ ಹಿಡಿದು ಕಾದಿದ್ದರು. ಗಾಡಿ ತಡವಾದ್ದರಿಂದ ಹಾರದ ಅಂಚು ಬಾಡಿತ್ತು. ಮಾಸ್ತರರು ಅದಕ್ಕೆ ನಲ್ಲಿಯ ನೀರು ಚಿಮುಕಿಸಿ ಬಸುವಿನ ಕೊರಳಿಗೆ ಹಾಕಿದರು. ಅವನ ಅಂಗಿಯ ಕಾಲರು ಒದ್ದೆಯಾಯಿತು.

ಹತ್ತಿರದ ಖಾನಾವಳಿಯಲ್ಲಿ ಮಂಡಾಳು, ಮಿರ್ಚಿ, ಚಹಾ ಆಯಿತು. ಅದರ ಖರ್ಚನ್ನು ಮಾಸ್ತರರು ನಮಗೆ ಕೊಡಗೊಡಲಿಲ್ಲ. ಪೇಟೆಯ ಒಬ್ಬ ವರ್ತಕರು ಬಸುವಿನ ಎದುರು ಕುಳಿತು, "ನೀವು ಕ್ರಿಕೆಟ್ ಯಾಕ ಆಡಲಿಲ್ರಿ? ಛಲೋ ಎತ್ತರ ಅದೀರಿ," ಎಂದರು.

"ಬಗ್ಗಿ ಆಡೂದು ರೂಢಿ ಆಗಿತ್ರಿ," ಎಂದ ಬಸು.

ಎಲ್ಲರೂ ನಕ್ಕರು. ನಾನು ಅವನ ಕಾಲು ನೋಡುತ್ತಿದ್ದೆ. ಖಾನಾವಳಿಯ ಮೆಟ್ಟಿಲನ್ನು ಅವನು ಎಡಗಾಲು ಮುಂದಿಟ್ಟೇ ಹತ್ತಿದ್ದ, ಬಲಗಾಲು ಮುಂದಿಟ್ಟೇ ಇಳಿದ. ಈ ಮೊದಲು ಇದನ್ನು ಗಮನಿಸದ ನನ್ನ ಕಣ್ಣಿಗೆ ಇನ್ನು ಬೇರೇನೂ ಕಾಣಲೊಲ್ಲದಾಯಿತು.

ಮಧ್ಯಾಹ್ನದ ಬಸ್ಸಿಗೆ ಗಂಗಾವತಿ. ಹೋಗುವವರಿದ್ದರೆ ಆ ಬಸ್ಸು ಹಿಡಿಯಬೇಡಿ. ಸಂತೆಯ ಚೀಲಗಳ ಮೇಲೆ ಕಾಲಿಟ್ಟು ಕೂಡಬೇಕಾಗುತ್ತದೆ. ಗಿಣಿಗೇರಿ ದಾಟುವವರೆಗೆ ಒಣ ಬಯಲು. ಆಮೇಲೆ ಕಾಲುವೆಯ ನೀರು ಸಿಕ್ಕ ಕೂಡಲೇ ನೆಲದ ಬಣ್ಣವೇ ಬೇರೆ: ಹಸಿರು ನಾಟಿ, ಕೆಸರಿನಲ್ಲಿ ಸಾಲಾಗಿ ಬಗ್ಗಿದ ಹೆಂಗಸರು, ಬಿಳಿ ಕೊಕ್ಕರೆಗಳು. ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳ ಚಿಮಣಿಗಳು, ಗಾಳಿಯಲ್ಲಿ ತೌಡಿನ ಬೆಚ್ಚಗಿನ ವಾಸನೆ. ನನ್ನ ಸೀರೆಯ ಮಡಿಕೆಗಳಲ್ಲಿ ಹೊಟ್ಟಿನ ನವುರಾದ ಧೂಳು ಕುಳಿತಿತ್ತು.

ನಮ್ಮ ಬಿಡಾರ ಗೌಡರ ಸ್ನೇಹಿತರಾದ ಒಬ್ಬ ಗಿರಣಿ ಮಾಲಕರ ಮನೆಯಲ್ಲಿ. ಅವರ ಹಿರಿಯರು ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರು. ಮನೆಯೊಡತಿ ಸುಬ್ಬಮ್ಮನವರು ಹೊಸ್ತಿಲಲ್ಲೇ ಹಿತ್ತಾಳೆಯ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದರು. "ಬಾ ಬಾಬೂ, ಕಾಲು ತೊಳ್ಕೊ. ಬಿಸಿಲಾಗ ಬಂದೀರಿ."

ಬಸು ಒಂದು ಹೆಜ್ಜೆ ಹಿಂದೆ ಸರಿದ. "ಊರೊಳಗ ಸ್ವಲ್ಪ ಕೆಲಸ ಐತ್ರಿ. ಹೋಗಿ ಬಂದು ತೊಳ್ಕೊಂತೀನಿ," ಎಂದು ಹೊರಟೇಹೋದ. ಸುಬ್ಬಮ್ಮನವರು ತಂಬಿಗೆ ಹಿಡಿದು ನನ್ನ ಮುಖ ನೋಡಿದರು. ನಾನು ಚಪ್ಪಲಿ ಬಿಟ್ಟು ಪಾದ ಮುಂದೆ ಚಾಚಿದೆ.

ಸಾಹೇಬರು ಸಂಜೆ ಕಾರಿನಲ್ಲಿ ಬಂದರು. ಅರವತ್ತು ದಾಟಿದ, ತೆಳ್ಳನೆಯ, ಮೃದು ಮಾತಿನ ಮನುಷ್ಯ. ಬಿಳಿ ಕ್ಯಾನ್ವಾಸ್ ಬೂಟುಗಳನ್ನು ಬಿಚ್ಚಿ ಗೋಡೆಗೆ ಒತ್ತಿ ಜೋಡಿಸಿಟ್ಟರು. ಊಟಕ್ಕೆ ಕುಳಿತಾಗ, ನಾನೂ ಆಡುತ್ತಿದ್ದೆನೆಂದು ತಿಳಿದು ಅವರ ಮುಖ ಅರಳಿತು. ಯಾವ ಸ್ಥಾನ, ಯಾವ ಶಾಲೆ, ಯಾರು ಕಲಿಸಿದರು ಎಂದೆಲ್ಲ ಕೇಳಿದರು. ಸುಬ್ಬಮ್ಮನವರು ಗೋಂಗುರ ಚಟ್ನಿ ಬಡಿಸಲು ಒಳಗೆ ಹೋದಾಗ ದನಿ ತಗ್ಗಿಸಿದರು.

"ನಿಮ್ಮ ಮೈದುನ ಸ್ಟಿಕ್ ಹಿಡಿದರೆ ಹೂ ಕಟ್ಟಿದ ಹಾಗಿರುತ್ತಮ್ಮಾ. ಅದರಲ್ಲಿ ಅನುಮಾನ ಇಲ್ಲ. ಕಾಲು ಹೇಗಿದೆ?"

"ನಾಳೆ ನೀವೇ ನೋಡ್ತೀರಲ್ರೀ, ಸಾಹೇಬ್ರ," ಎಂದೆ.

"ನೋಡ್ತೀನಿ. ಅದಕ್ಕೇ ಬಂದಿರೋದು." ಅವರು ಎಲೆಯ ಮೇಲಿನ ಅನ್ನವನ್ನು ಕಲಸುತ್ತ ಕುಳಿತರು. "ಕಳೆದ ಸಲ ಒಬ್ಬ ಹುಡುಗ ನೋವು ಮುಚ್ಚಿಟ್ಟು ವಿಮಾನ ಹತ್ತಿದ. ಅವನಿಗೆ ಈಗ ಮೆಟ್ಟಿಲು ಹತ್ತೋಕಾಗಲ್ಲ. ಕಳಿಸಿದವನು ನಾನು."

ಬಸು ಎಲ್ಲರ ಊಟವಾದ ಮೇಲೆ ಬಂದ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಸಂದಿಯಿಂದ ನೋವಿನ ಮುಲಾಮಿನ ವಾಸನೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಸಾಹೇಬರ ಕಾರಿನಲ್ಲೇ ಕುಷ್ಟಗಿಗೆ ಹೊರಟೆವು. ಕನಕಗಿರಿ, ತಾವರಗೇರಾ ಹಾದು ಅರವತ್ತು ಕಿಲೋಮೀಟರಿಗೂ ಹೆಚ್ಚು. ಕಾಲುವೆ ಮುಗಿದಲ್ಲಿ ಹಸಿರೂ ಮುಗಿಯಿತು. ಆಮೇಲೆ ಕುಸುಬೆ, ಕಡಲೆ, ಕಟಾವಾದ ಜೋಳದ ಹೊಲಗಳು, ಸೂಡು ಕಟ್ಟಿ ನಿಲ್ಲಿಸಿದ ಕಣಿಕೆ. ಸಾಹೇಬರು ಕೀನ್ಯಾದ ಪ್ರವಾಸದ ಮಾತು ತೆಗೆದರು. ಬಸು ನಾಲ್ಕು ಜನರನ್ನು ದಾಟಿ ಹೊಡೆದ ಗೋಲು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಬಸು "ಹೌದ್ರಿ, ಹೌದ್ರಿ" ಎನ್ನುತ್ತಿದ್ದ. ಬೂಟಿನ ಲಾಡಿಯನ್ನು ಬೆಳಗಿನಲ್ಲೇ ಬಿಗಿದು ಎರಡು ಗಂಟು ಹಾಕಿದ್ದ.

ಸಂಗನಗೌಡರ ಊರು ಕುಷ್ಟಗಿಯಿಂದ ಯಲಬುರ್ಗಾ ರಸ್ತೆಯಲ್ಲಿ ಸ್ವಲ್ಪ ದೂರ. ಗೌಡರು ಬಿಳಿ ಪಟಗ ಸುತ್ತಿ ರಸ್ತೆಗೇ ಬಂದು ನಿಂತಿದ್ದರು. "ಬಾರವ್ವಾ ತಂಗಿ, ಬರ್ರಿ ಸಾಹೇಬ್ರ. ಬಾ ಅಳಿಯಾ, ನಿನಗ ಒಂದು ಚೀಜು ತೋರಸ್ತೀನಿ. ಚಹಾ ಆಮ್ಯಾಲ," ಎಂದು ನಮ್ಮನ್ನು ನೇರ ಊರ ಹೊರಗಿನ ಬಯಲಿಗೆ ಕರೆದೊಯ್ದರು.

ಬಯಲು ನೋಡಿ ನಾವು ಮೂವರೂ ನಿಂತುಬಿಟ್ಟೆವು. ಹಾಕಿ ಮೈದಾನಕ್ಕಿಂತ ತುಸುವೇ ಚಿಕ್ಕದಾದ ನೆಲ ಕನ್ನಡಿಯ ಹಾಗೆ ಸಮವಾಗಿತ್ತು. ಒಂದು ಹರಳಿಲ್ಲ, ಒಂದು ಬಿರುಕಿಲ್ಲ. ಬೂದು ಹಸಿರಿನ ಬಣ್ಣ. ಅಂಚಿಗೆ ಸುಣ್ಣದ ಗೆರೆ, ಎರಡು ತುದಿಗೆ ಬೇವಿನ ಗಳದ ಗೋಲ್ ಕಂಬಗಳು. ಹತ್ತಿರ ಹೋದಾಗ ಸಗಣಿಯ ಒಣ ವಾಸನೆ ಬಂತು. ಅದು ಕಣ. ರಾಶಿ ಮಾಡುವ ಕಣ.

"ಹಾಲೆಂಡಿನಿಂದ ಬಂದಾಗ ಏನಂದಿದ್ದಿ, ನೆನಪೈತೇನು?" ಎಂದರು ಗೌಡರು. "ಅಲ್ಲಿ ನೆಲಾ ಜಮಖಾನಿ ಹಂಗ ಇರ್ತೈತಿ ಮಾವಾ, ಆಟಕ್ಕ ಮೊದಲ ನೀರು ಹೊಡೀತಾರ, ಚೆಂಡು ಹಾರಂಗಿಲ್ಲ ತೇಲಿಕೊಂತ ಹೊಕ್ಕೈತಿ, ಅಂಥಾದ್ರ ಮ್ಯಾಲ ದಿನಾ ಆಡಾಕ ಸಿಕ್ರ ನಾವೂ ಗೆಲ್ತಿದ್ವಿ ಅಂದಿ. ನಾ ಅವತ್ತ ಕುಂತು ವಿಚಾರ ಮಾಡಿದೆ. ಹಾಲೆಂಡಿನವರಿಗೆ ಕಣ ಮಾಡಾಕ ಬರ್ತೈತಿ, ನಮಗ ಬರಂಗಿಲ್ಲೇನು?"

ಗರಸು ಮಣ್ಣು ಹೇರಿ ಹರವಿ, ನೀರು ಹೊಡೆದು, ಎತ್ತು ತುಳಿಸಿ, ರೋಣಗಲ್ಲು ಉರುಳಿಸಿ ಗಟ್ಟಿ ಮಾಡಿದ್ದರಂತೆ. ಆಮೇಲೆ ಊರ ಹೆಂಗಸರೆಲ್ಲ ಸಾಲಾಗಿ ಕುಳಿತು, ಹಿಂದೆ ಹಿಂದೆ ಸರಿಯುತ್ತ, ಇಡೀ ನೆಲಕ್ಕೆ ಕೈಯಿಂದ ಸಗಣಿ ಸಾರಿಸಿದ್ದರು. ನಾನು ಬಗ್ಗಿ ನೋಡಿದೆ. ಬೆರಳುಗಳು ಎಳೆದ ಅರ್ಧಚಂದ್ರದ ಗೆರೆಗಳು ಒಂದರ ಪಕ್ಕ ಒಂದು ಬಯಲಿನ ಆ ತುದಿಯವರೆಗೂ ಹೋಗಿದ್ದವು. ಆಟ ಮುಗಿದ ಮೇಲೆ ಈ ಸಲದ ಊರಿನ ರಾಶಿಯೆಲ್ಲ ಅಲ್ಲೇ ಎಂದು ಮಾತಾಗಿತ್ತು.

ಸಾಹೇಬರು ಜೇಬಿನಿಂದ ಚೆಂಡು ತೆಗೆದು ಉರುಳಿಸಿದರು. ಅದು ಎಲ್ಲಿಯೂ ಕುಪ್ಪಳಿಸದೆ ನೆಲಕ್ಕಂಟಿಕೊಂಡು ಬಹಳ ದೂರ ಹೋಯಿತು. "ಅಯ್ಯೋ, ಇದು ಆ ಹಾಸಿಗಿಂತ ಚೆನ್ನಾಗಿದೆಯಲ್ಲ!" ಎಂದು ಅವರು ಮಕ್ಕಳಂತೆ ಹಿಗ್ಗಿದರು. ಒಳಗೆ ಕಾಲಿಡಲು ಹೊರಟವರನ್ನು ಒಬ್ಬ ಮುದುಕ ತಡೆದ.

"ಸಾಹೇಬ್ರ, ಬೂಟು ಹೊರಗ ಬಿಡ್ರಿ. ಕಣದಾಗ ಕೆರ ಮೆಟ್ಟೂದಿಲ್ರಿ."

"ಹೌದಲ್ಲ, ತಪ್ಪಾಯ್ತು," ಎಂದು ಸಾಹೇಬರು ಅಲ್ಲೇ ಕುಳಿತು ಬೂಟು ಬಿಚ್ಚಿದರು.

ನಾನು ಬಸುವನ್ನು ನೋಡಿದೆ. ಈ ನೆಲದಲ್ಲಿ ಹುಟ್ಟಿ ಬೆಳೆದವನಿಗೆ ಅದು ಗೊತ್ತಿಲ್ಲದ್ದಲ್ಲ. ಕಣ ಕಣ್ಣಿಗೆ ಬಿದ್ದ ಕ್ಷಣವೇ ಅವನಿಗೆ ಎಲ್ಲ ತಿಳಿದಿತ್ತು. ಅವನು ಹೋಗಿ ಒಂದು ಬಂಡಿಯ ನೊಗದ ಮೇಲೆ ಕುಳಿತುಬಿಟ್ಟಿದ್ದ.

ಮೂರರ ಹೊತ್ತಿಗೆ ಊರು ನೆರೆಯಿತು. ಸುತ್ತಣ ಹಳ್ಳಿಗಳ ಬಂಡಿಗಳೂ ಬಂದವು. ಗದಗಿನಿಂದ ಎರಡು ತಂಡಕ್ಕಾಗುವಷ್ಟು ಆಟಗಾರರು ಬಂದಿದ್ದರು. ಅವರು ನಗುತ್ತ ಬೂಟು ಕಳಚಿ ರಾಶಿ ಹಾಕಿದರು. ಗೌಡರು ಕಣಕ್ಕೆ ಕಾಯಿ ಒಡೆದು, ಬಂಡಿಯ ಹತ್ತಿರ ಬಂದರು.

"ಏಳು ಅಳಿಯಾ. ಬೂಟು ಬಿಚ್ಚು."

"ಮಾವಾ, ನಾ ಇದನ್ನ ಹಾಕ್ಕೊಂಡ ಆಡ್ತೀನಿ. ಹೊಸಾವು. ಇನ್ನೂ ನೆಲಕ್ಕ ಹತ್ತಿಲ್ಲ."

"ಹೊಸಾವಾದ್ರೂ ತೊಗಲ ಹೌದಲ್ಲೋ."

"ರೂಢಿ ಇಲ್ಲ ಮಾವಾ. ಬರಿಗಾಲಿಲೆ ಆಡಿ ಭಾಳ ವರ್ಷ ಆತು."

"ನೋಡಪಾ ಗೌಡಾ, ಪರದೇಶಕ್ಕ ಹೋಗಿ ನಿನ್ನ ಅಳಿಯನ ಕಾಲು ಮೆತ್ತಗಾಗ್ಯಾವಂತ!" ಎಂದು ಹಿಂದಿನಿಂದ ಯಾರೋ ಛೇಡಿಸಿದರು. ನಗೆ ಹರಡಿತು.

ಬಂಡಿಯ ಪಕ್ಕದಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು, ಅವನ ತಾಯಿಯ ವಾರಗೆಯವಳು. ಅವಳು ನಗಲಿಲ್ಲ. "ಬಸಣ್ಣಾ, ನಿನಗಂತ ಸಾರಿಸೇವಿ. ತುಳಕೊಂತ ಆಡೋ ನನ್ನಪ್ಪಾ," ಎಂದು ಎರಡು ಅಂಗೈಗಳನ್ನು ಚಾಚಿದಳು. ಸಗಣಿ ನೀರಿಗೆ ಆ ಕೈಗಳು ಬಿರುಕು ಬಿಟ್ಟಿದ್ದವು.

ಬಸು ಅವಳ ಕೈಗಳನ್ನೇ ನೋಡುತ್ತ ಕುಳಿತ. ಆಮೇಲೆ ಬಗ್ಗಿ ಲಾಡಿಯ ಗಂಟು ಬಿಚ್ಚತೊಡಗಿದ. ಬೂಟು, ಒಂದು ಸಾಕ್ಸು, ಇನ್ನೊಂದು ಸಾಕ್ಸು. ಕಡೆಗೆ ಬಿಗಿದ ಪಟ್ಟಿ. ಅದನ್ನು ಸುತ್ತು ಸುತ್ತಾಗಿ ಬಿಚ್ಚಿದಾಗ ಹಿಮ್ಮಡಿಯ ಮೇಲೆ ಬದನೆಕಾಯಿಯಷ್ಟು ಬಾವು ಕಂಡಿತು, ಬಣ್ಣವೂ ಅದರದೇ.

"ಯಾವಾಗ ಉಳಕಿತೋ? ಯಾರರ ಉಪ್ಪು ಕಾಸಿ ತರ್ರಿ!" ಎಂದು ಗೌಡರು ಗಾಬರಿಯಾದರು.

ಸಾಹೇಬರು ಬರಿಗಾಲಲ್ಲಿ ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ನರ ಒತ್ತಿದರು. ಬಸುವಿನ ದವಡೆ ಬಿಗಿಯಿತು.

"ಹಾಲೆಂಡಿಂದಾನಾ?"

"ಹೌದ್ರಿ."

ಅವರು ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ಇವತ್ತು ಆಡಬೇಡ, ಮಗು."

"ಇವತ್ತ ಆಡಬ್ಯಾಡ ಅಂದ್ರ ಇನ್ಯಾವತ್ತ ಆಡ್ಲಿ, ಸರ?" ಎಂದ ಬಸು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಶಿಬಿರದ್ದು ಮುಗೀತು. ನನಗ ಗೊತ್ತಾತು. ಇದೊಂದು ಬಿಡ್ರಿ."

ಸಾಹೇಬರು ಅವನ ಸ್ಟಿಕ್ಕನ್ನು ಎತ್ತಿ ಕೊಟ್ಟರು.

ಕಣದ ನಡುವೆ ಎತ್ತು ಕಟ್ಟಲು ಮೇಟಿ ಕಂಬ ನೆಡುವುದು ರೂಢಿ. ಆಟಕ್ಕೆ ಅಡ್ಡಿಯೆಂದು ಅಂದು ನೆಟ್ಟಿರಲಿಲ್ಲ. ಬಸು ಒಂದೊಂದೇ ಹೆಜ್ಜೆಯಿಟ್ಟು ಅದೇ ಜಾಗಕ್ಕೆ ಹೋಗಿ ನಿಂತ. ಓಡಲಿಲ್ಲ. ಓಡುವ ಕೆಲಸವನ್ನೆಲ್ಲ ಚೆಂಡಿಗೆ ಬಿಟ್ಟ. ಚೆಂಡು ಅವನ ಹತ್ತಿರ ಬಂದರೆ ಸ್ಟಿಕ್ಕು ಸ್ವಲ್ಪವೇ ಹೊರಳುತ್ತಿತ್ತು. ಎದುರಿನವನು ಬಲಕ್ಕೆ ಬಾಗುವಷ್ಟರಲ್ಲಿ ಚೆಂಡು ಎಡಕ್ಕೆ ಜಾರಿ, ಓಡುತ್ತಿದ್ದ ಜೊತೆಗಾರನ ಸ್ಟಿಕ್ಕಿಗೆ ಹೋಗಿ ಮುಟ್ಟುತ್ತಿತ್ತು. ಆ ಸಾರಿಸಿದ ನೆಲ ಅವನ ಒಂದು ತಳ್ಳನ್ನೂ ಹುಸಿ ಮಾಡಲಿಲ್ಲ. ಇಪ್ಪತ್ತು ಜನ ಅವನ ಸುತ್ತ ತಿರುಗುತ್ತಿದ್ದರು.

"ಮೇಟಿ ಇಲ್ಲ ಅಂದಿದ್ಯಲ್ಲೋ," ಎಂದ ನನ್ನ ಹಿಂದಿನ ಮುದುಕ ಪಕ್ಕದವನಿಗೆ. "ಮೇಟಿ ತಾನ ಬಂದು ನಿಂತೈತಿ ನೋಡು."

ಮೊದಲ ಗೋಲು ಬಸುವಿನ ತಳ್ಳಿನಿಂದಲೇ ಬಂತು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕಣವೆಂಬ ಅಭ್ಯಾಸಕ್ಕೋ ಏನೋ, ಒಬ್ಬ ರೈತ "ಲಾಭ!" ಎಂದು ಕೂಗಿದ. ಊರೆಲ್ಲ "ಲಾಭ! ಲಾಭ!" ಎಂದಿತು. ಗದಗಿನ ಗೋಲ್‌ಕೀಪರನೂ ನಗುತ್ತ ಕುಳಿತ. ಸಾಹೇಬರು ಕಣ್ಣೊರೆಸಿಕೊಂಡರು, ಧೂಳು ಹೋಯಿತು ಎಂದರು. ಆ ನೆಲದಲ್ಲಿ ಧೂಳೇ ಇರಲಿಲ್ಲ.

ಅರ್ಧ ವಿರಾಮದಲ್ಲಿ ಎಲ್ಲರೂ ಅಂಚಿಗೆ ಬಂದರು. ಬಸು ಬರಲಿಲ್ಲ, ಅಲ್ಲೇ ನಿಂತ. ನಾನು ಪಾನಕದ ಲೋಟ ಹಿಡಿದು ಅಲ್ಲಿಗೇ ಹೋದೆ. ಅವನ ಬೆನ್ನ ಮೇಲಿನ ಅಂಗಿ ತೊಯ್ದು ಅಂಟಿತ್ತು. ಬಲಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತ್ತು.

"ಸಾಕು ಬಸು. ಹೊರಗ ಬಾ."

"ಈಗ ಬಂದ್ರ ಎಲ್ಲಾರೂ ನೋಡ್ತಾರ ವೈನಿ. ಆಟ ಮುಗದು ಮಂದಿ ಮನಿಗೆ ಹೋಗ್ಲಿ. ಆಮ್ಯಾಲ ನಿಧಾನ ಬರ್ತೀನಿ."

ಆದರೆ ಆಟ ಮುಗಿದ ಮೇಲೂ ಮಂದಿ ಹೋಗಲಿಲ್ಲ. ಕೊನೆಯ ಸೀಟಿಯೊಂದಿಗೆ ಊರು ಕಣದೊಳಕ್ಕೆ ನುಗ್ಗಿತು. ಶಾಲು, ಹಾರ, ಹಣ್ಣಿನ ತಟ್ಟೆ. ಗೌಡರು ಮಾತಾಡಿದರು, ಕೊಪ್ಪಳದಿಂದ ಬಂದಿದ್ದ ಡ್ರಿಲ್ ಮಾಸ್ತರರು ಮಾತಾಡಿದರು, ಗಂಗಾವತಿಯಿಂದ ಬಂದಿದ್ದ ಗಿರಣಿ ಮಾಲಕರು ಮಾತಾಡಿದರು. ಬಸು ಒಂದು ಕಾಲಿನ ಮೇಲೆ ನಿಂತು ಎಲ್ಲರಿಗೂ ಕೈ ಮುಗಿದ. ಸಾಹೇಬರನ್ನು ಮಾತಾಡಲು ಕರೆದರೆ ಅವರು ತಲೆಯಲ್ಲಾಡಿಸಿ, ಬೂಟು ಕೈಯಲ್ಲಿ ಹಿಡಿದು ಕಾರಿನ ಕಡೆ ನಡೆದರು. ಹೋಗುವ ಮುನ್ನ ನನ್ನ ಹತ್ತಿರ ನಿಂತರು.

"ನಿನ್ನೆ ನಿಮ್ಮನ್ನ ಕೇಳಬಾರದಿತ್ತಮ್ಮಾ. ಕಷ್ಟಕ್ಕೆ ಸಿಕ್ಕಿಸಿದೆ."

"ನಿಮಗೂ ಸುಲಭ ಇರಲಿಲ್ಲಲ್ರೀ."

"ಇಲ್ಲ," ಎಂದರು ಅವರು.

ಬೆಳಕು ಇಳಿಯುತ್ತ ಬಂತು. ನಿಲ್ಲುವುದು ಇನ್ನು ಅವನ ಕೈಲಾಗಲಿಲ್ಲ. ಮಂದಿ ನೋಡುತ್ತಿರುವಾಗಲೇ ಬಸು ಹೊರಟ. ಸ್ಟಿಕ್ಕನ್ನು ಊರುಗೋಲು ಮಾಡಿಕೊಂಡು ನಾಲ್ಕು ಹೆಜ್ಜೆಯಿಟ್ಟ. ಐದನೆಯದಕ್ಕೆ ಕಾಲು ಮಡಚಿಕೊಂಡಿತು. ಇಬ್ಬರು ರೈತರು ಓಡಿಬಂದು ಅವನ ತೋಳಿನಡಿ ಹೆಗಲಿಟ್ಟರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎರಡೂ ಕಡೆ ಜನ ಸರಿದು ದಾರಿ ಬಿಟ್ಟರು. ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು. ಗೌಡರು ಅವನ ಬೂಟುಗಳನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಬಂದರು. "ನನಗ ಹೇಳಬೇಕಿಲ್ಲೋ ಅಳಿಯಾ? ನನಗೊಂದು ಮಾತು ಹೇಳಿದ್ರ ನಾ ಕಣಾ ಮಾಡತಿದ್ದಿಲ್ಲೋ," ಎಂಬ ಅವರ ಮಾತು ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

"ಕಣಾ ಭಾಳ ಛಲೋ ಆಗಿತ್ತು, ಮಾವಾ," ಎಂದು ಬಸು ಒಂದೇ ಸಲ ಹೇಳಿದ.

ಬೆಳಗಾದ ಮೇಲೆ ಗೌಡರು ಹಾಸಿಗೆ ಹಾಸಿದ ಬಂಡಿಯಲ್ಲಿ ನಮ್ಮನ್ನು ರಸ್ತೆಗೆ ತಂದು ಯಲಬುರ್ಗಾದ ಬಸ್ಸು ಹತ್ತಿಸಿದರು. ಅಲ್ಲಿ ಸತ್ಕಾರಕ್ಕೆ ಕಾದಿದ್ದವರು ಸುದ್ದಿ ತಿಳಿದು ಆಸ್ಪತ್ರೆಗೇ ಬಂದರು. ಹಾರವನ್ನು ಮಂಚದ ಸರಳಿಗೆ ತೂಗಿಹಾಕಿದರು. ಡಾಕ್ಟರು ಯುವಕರು. ಕಾಲು ನೋಡಿ ಹುಬ್ಬಳ್ಳಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದರು. "ನಡೀಬಹುದು. ಓಡೂದು ಮಾತ್ರ ಮರೀಬೇಕ್ರಿ," ಎಂದು ಹೇಳಿ, ಸದ್ಯಕ್ಕೆ ಹಲಗೆ ಕಟ್ಟಿದರು.

ಅಲ್ಲಿಂದ ಕುಕನೂರಿನ ಮೇಲೆ ಹಾದು ಭಾನಾಪುರ ನಿಲ್ದಾಣಕ್ಕೆ ಇನ್ನೊಂದು ಬಸ್ಸು. ರಸ್ತೆ ಕೆಟ್ಟಿತ್ತು, ಪ್ರತಿ ತಗ್ಗಿಗೂ ಅವನು ಕಣ್ಣು ಮುಚ್ಚುತ್ತಿದ್ದ. ಕುಕನೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಗಂಟು ಹೊತ್ತು ಹತ್ತಿದ. ಬಸುವನ್ನು ಎರಡು ಸಲ ನೋಡಿ, ಪೇಪರಿನಲ್ಲಿ ಕಂಡ ಮುಖವೆಂದು ಗುರುತು ಹಿಡಿದ. ಬಾಯಿ ತುಂಬ ನಗುತ್ತ ಹತ್ತಿರ ಸರಿದ.

"ಹಾಕಿ ಬಸವರಾಜ ಹೌದಿಲ್ರಿ? ನಮ್ಮ ತಾಲೂಕಿನ ಹೆಸರು ಆಕಾಶಕ್ಕ ಮುಟ್ಟಿಸೀರಿ! ಮುಂದ ಯಾವ ದೇಶಕ್ಕ ಹೊಂಟೀರಿ?"

ನಾನು ಬಾಯಿ ತೆರೆದೆ. ಏನಾದರೂ ಹೇಳಿ ತಪ್ಪಿಸಬೇಕೆಂದಿದ್ದೆ. ಬಸು ನನಗಿಂತ ಮೊದಲೇ ಹೇಳಿದ.

"ಎಲ್ಲೂ ಇಲ್ರಿ. ಆಟ ಬಿಟ್ಟೀನಿ."

"ಅಯ್ಯ! ಯಾವಾಗ ಬಿಟ್ರಿ?"

"ನಿನ್ನೆ."

ವ್ಯಾಪಾರಿಯ ನಗು ಅರ್ಧಕ್ಕೆ ನಿಂತಿತು. ಹಲಗೆ ಕಟ್ಟಿದ ಕಾಲನ್ನು ಆಗಷ್ಟೇ ಕಂಡ. ಏನು ಕೇಳಬೇಕೋ ತಿಳಿಯದೆ, "ಕಡೀ ಆಟ ಗೆದ್ರೋ, ಸೋತ್ರೋ?" ಎಂದ.

ಬಸು ನನ್ನ ಕಡೆ ತಿರುಗಿದ. "ವೈನಿ, ಯಾರು ಗೆದ್ರು ಅಲ್ಲಿ?"

ನಾನು ಯೋಚಿಸಿದೆ. ನನಗೂ ಗೊತ್ತಿರಲಿಲ್ಲ. ಮೊದಲ ಗೋಲಿನ ನಂತರ ನಾನು ಚೆಂಡು ನೋಡಿರಲೇ ಇಲ್ಲ, ಅವನ ಕಾಲನ್ನೇ ನೋಡುತ್ತಿದ್ದೆ. ಹಾಗೆಂದು ಹೇಳಿದೆ. ಬಸು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅವನ ಭುಜಗಳು ಅಲುಗುತ್ತಿರುವುದನ್ನು ಕಂಡೆ. ಬಟ್ಟೆ ವ್ಯಾಪಾರಿ ತನ್ನ ಗಂಟಿನಿಂದ ಹೊಸ ಟವೆಲೊಂದನ್ನು ಎಳೆದು, ನನ್ನ ಕೈಗಿಟ್ಟು, ಮುಂದಿನ ಸೀಟಿಗೆ ಹೋಗಿ ಕುಳಿತ.

ಭಾನಾಪುರದಲ್ಲಿ ಗಾಡಿ ಕಡಿಮೆ ಹೊತ್ತು ನಿಲ್ಲುತ್ತದೆ. ಹಮಾಲರಿಬ್ಬರು ಅವನನ್ನು ಎತ್ತಿ ಹತ್ತಿಸಿದರು. ಡಬ್ಬಿ ತುಂಬಿತ್ತು. ಎದುರಿನ ಮುದುಕಿ ಸರಿದು ಜಾಗ ಮಾಡಿಕೊಟ್ಟಳು. ಬಸು ಸಂಕೋಚಪಡದೆ ಆ ಕಾಲನ್ನು ಎಲ್ಲರ ಎದುರಿಗೆ ಚಾಚಿ, ಅವಳ ಪಕ್ಕದಲ್ಲಿಟ್ಟ. ಗಾಡಿ ಹೊರಟಾಗ ನಾನು ಒಮ್ಮೆ ಹಿಂತಿರುಗಿ ನೋಡಿದೆ. ಕಂಡದ್ದು ಬರೀ ಬಯಲು. ಅವನು ನೋಡಲಿಲ್ಲ. ಹರ್ಲಾಪುರ ಬರುವಷ್ಟರಲ್ಲಿ ನಿದ್ದೆ ಹೋಗಿದ್ದ; ಮುದುಕಿ ಗಾಡಿಯ ಕುಲುಕಾಟಕ್ಕೆ ಕಾಲು ಜಾರದಂತೆ ಅದರ ಮೇಲೆ ತನ್ನ ಕೈಯಿಟ್ಟುಕೊಂಡು ಕುಳಿತಿದ್ದಳು.